ವೈದ್ಯನನ್ನು ಅಳೆಯುವ ಬಗೆ

ಮಗುವಿಗೆ ಜ್ವರವೇರಿದಾಗ ತಾಯಿತಂದೆಯರು ವೈದ್ಯರ ಬಳಿಗೆ ಧಾವಿಸುತ್ತಾರೆ. ಆ ವೈದ್ಯರು ವಿದ್ಯಾರ್ಥಿದೆಸೆಯಲ್ಲಿ ಎಷ್ಟು ಅಂಕ ಗಳಿಸಿದ್ದರೆಂದು ಯಾರೂ ವಿಚಾರಿಸುವುದಿಲ್ಲ. ಮಗುವಿನ ಎದೆಯ ಸದ್ದನ್ನು ಅವರು ಸರಿಯಾಗಿ ಗ್ರಹಿಸಬಲ್ಲರೆ, ಔಷಧದ ಪ್ರಮಾಣವನ್ನು ತಪ್ಪಿಲ್ಲದೆ ಬರೆಯಬಲ್ಲರೆ, ಕಂಗೆಟ್ಟ ತಾಯಿಗೆ ನಾಲ್ಕು ಧೈರ್ಯದ ಮಾತು ಹೇಳಬಲ್ಲರೆ ಎಂಬುದಷ್ಟೇ ಆ ಗಳಿಗೆಯ ಪ್ರಶ್ನೆ. ಆದರೆ ವೈದ್ಯರನ್ನು ಸಿದ್ಧಗೊಳಿಸುವ ವಿಶ್ವವಿದ್ಯಾನಿಲಯಗಳು ಬಹುಕಾಲ ಈ ಪ್ರಶ್ನೆಯನ್ನು ನೇರವಾಗಿ ಕೇಳಲೇ ಇಲ್ಲ.

ಪರೀಕ್ಷೆಯ ಪದ್ಧತಿಯ ಮೇಲಿನ ಅತೃಪ್ತಿ ಹೊಸದೇನೂ ಅಲ್ಲ. 1948-49ರಲ್ಲಿ ಡಾ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು, ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾಗಿ ಬಂದರೆ ಅದು ಪರೀಕ್ಷೆಯ ಸುಧಾರಣೆಯೇ ಆಗಬೇಕೆಂಬ ಅಭಿಪ್ರಾಯವನ್ನು ಮುಂದಿಟ್ಟಿತ್ತು. ಆ ಮಾತಿನ ತೂಕ ವೈದ್ಯಶಿಕ್ಷಣದಲ್ಲಿ ಎದ್ದು ಕಾಣುತ್ತದೆ.

ಅದೃಷ್ಟದ ಆಟ

ಹಳೆಯ ಕ್ರಮದಲ್ಲಿ ವಿದ್ಯಾರ್ಥಿಗೆ ಒಬ್ಬ ರೋಗಿಯನ್ನು ಒಪ್ಪಿಸುತ್ತಿದ್ದರು. ಆತ ರೋಗಿಯನ್ನು ವಿಚಾರಿಸಿ, ಪರೀಕ್ಷಿಸಿ, ಕಂಡುದನ್ನು ಪರೀಕ್ಷಕರ ಮುಂದೆ ನಿವೇದಿಸಬೇಕು. ಒಬ್ಬನ ಪಾಲಿಗೆ ಸುಲಭದ ಕಾಯಿಲೆಯೂ ಮಾತುಗಾರ ರೋಗಿಯೂ ಬಂದರೆ, ಇನ್ನೊಬ್ಬನಿಗೆ ಕ್ಲಿಷ್ಟ ಕಾಯಿಲೆಯೂ ಬಾಯಿ ಬಿಡದ ರೋಗಿಯೂ ದೊರೆಯಬಹುದು. ಪರೀಕ್ಷಕರಲ್ಲಿಯೂ ಮೃದು ಸ್ವಭಾವದವರುಂಟು, ಗಡುಸಿನವರುಂಟು. ವಿದ್ಯಾರ್ಥಿ ರೋಗಿಯೊಡನೆ ಹೇಗೆ ನಡೆದುಕೊಂಡನೆಂಬುದನ್ನು ಎಷ್ಟೋ ಬಾರಿ ಪರೀಕ್ಷಕರು ಕಣ್ಣಾರೆ ಕಾಣುತ್ತಲೇ ಇರಲಿಲ್ಲ.

ಈ ಕೊರತೆಯನ್ನು ನೀಗಲು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾನಿಲಯದ ರೊನಾಲ್ಡ್ ಹಾರ್ಡನ್ ಮತ್ತು ಅವರ ಸಂಗಡಿಗರು 1975ರಲ್ಲಿ ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಅದರಲ್ಲಿ ಹಲವು ಮೇಜುಗಳನ್ನು ಸಾಲಾಗಿ ಅಣಿಗೊಳಿಸುತ್ತಾರೆ. ಒಂದು ಕಡೆ ರೋಗಿಯ ರಕ್ತದೊತ್ತಡ ಅಳೆಯಬೇಕು. ಇನ್ನೊಂದು ಕಡೆ ಎಕ್ಸ್‌ರೇ ನೋಡಿ ಅರ್ಥ ಹೇಳಬೇಕು. ಮತ್ತೊಂದು ಕಡೆ ರೋಗಿಗೆ ಔಷಧ ಸೇವನೆಯ ಕ್ರಮವನ್ನು ತಿಳಿಯಪಡಿಸಬೇಕು. ಕೆಲವು ನಿಮಿಷಗಳಿಗೊಮ್ಮೆ ಗಂಟೆ ಬಾರಿಸುತ್ತದೆ. ವಿದ್ಯಾರ್ಥಿ ಮುಂದಿನ ಮೇಜಿಗೆ ಸರಿಯುತ್ತಾನೆ. ಪರೀಕ್ಷಕರ ಕೈಯಲ್ಲಿ ಮೊದಲೇ ಸಿದ್ಧಪಡಿಸಿದ ಪಟ್ಟಿಯಿರುತ್ತದೆ: ಕೈ ತೊಳೆದನೆ? ರೋಗಿಯ ಒಪ್ಪಿಗೆ ಕೇಳಿದನೆ? ನೋವಿರುವ ಜಾಗವನ್ನು ಹಗುರವಾಗಿ ಮುಟ್ಟಿದನೆ? ಎಲ್ಲರಿಗೂ ಅದೇ ಕೆಲಸ, ಅದೇ ಕಾಲ, ಅದೇ ಅಳತೆ.

ಹಲವು ಮೇಜುಗಳಲ್ಲಿ ರೋಗಿಯ ಪಾತ್ರ ವಹಿಸಲು ತರಬೇತಿ ಪಡೆದವರೇ ಕುಳಿತಿರುತ್ತಾರೆ. ಈ ಉಪಾಯಕ್ಕೆ ನಾಂದಿ ಹಾಡಿದವರು ನರರೋಗ ತಜ್ಞ ಹೋವರ್ಡ್ ಬ್ಯಾರೋಸ್. 1963ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಇಂಗ್ಲೆಂಡಿನಲ್ಲಿ ವೃತ್ತಿ ನಡೆಸಬಯಸುವ ಭಾರತದ ವೈದ್ಯರು ಎದುರಿಸುವ 'ಪ್ಲ್ಯಾಬ್' ಪರೀಕ್ಷೆಯ ಎರಡನೆಯ ಭಾಗವೂ ಇದೇ ಮಾದರಿಯದು.

ಈ ವಿಧಾನಕ್ಕೂ ದೋಷಗಳುಂಟು. ಅನೇಕ ಪರೀಕ್ಷಕರು ಬೇಕು, ಸ್ಥಳ ಬೇಕು, ಹಣ ಬೇಕು. ಪಟ್ಟಿಯನ್ನು ಕಂಠಪಾಠ ಮಾಡಿಕೊಂಡು ಅಂಕಕ್ಕಾಗಿಯೇ ಮುಗುಳ್ನಗುವ ಜಾಣರೂ ಇಲ್ಲದಿಲ್ಲ. ಆದರೂ ವೃತ್ತಿಯಲ್ಲಿ ಮಾಡಬೇಕಾದುದನ್ನೇ ಪರೀಕ್ಷೆಯಲ್ಲಿ ಮಾಡಿಸುವುದರಿಂದ ಓದುವ ರೀತಿಯೂ ಬದಲಾಗುತ್ತದೆ. ಪುಸ್ತಕದೊಡನೆ ರೋಗಿಯ ಹಾಸಿಗೆಯ ಬಳಿಗೂ ಹೋಗದೆ ಗತ್ಯಂತರವಿಲ್ಲ.

'ಎದೆ ಹಿಡಿದ ಹಾಗೆ'

ಭಾರತದಲ್ಲಿ 2019ರಲ್ಲಿ ಎಂ.ಬಿ.ಬಿ.ಎಸ್. ಸೇರಿದವರಿಂದ ಮೊದಲ್ಗೊಂಡು ಸಾಮರ್ಥ್ಯವನ್ನು ಆಧಾರವಾಗಿಟ್ಟುಕೊಂಡ ಹೊಸ ಪಠ್ಯಕ್ರಮ ಜಾರಿಗೆ ಬಂದಿತು. ಮೊದಲ ವರ್ಷದಲ್ಲಿಯೇ ರೋಗಿಗಳ ಪರಿಚಯ, ವೈದ್ಯನ ನಡವಳಿಕೆ, ನೀತಿ ಮತ್ತು ಸಂಭಾಷಣೆಗಳ ಪಾಠ, ಆರಂಭದ ದಿನಗಳಲ್ಲಿ ಭಾಷೆಯ ಶಿಕ್ಷಣ ಇವು ಅದರಲ್ಲಿ ಸೇರಿದುವು.

ಭಾಷೆಯ ಪ್ರಶ್ನೆ ಸಣ್ಣದಲ್ಲ. ಕರ್ನಾಟಕದ ಸರ್ಕಾರಿ ವೈದ್ಯ ಕಾಲೇಜುಗಳ ಎಂ.ಬಿ.ಬಿ.ಎಸ್. ಸ್ಥಾನಗಳಲ್ಲಿ ನೂರಕ್ಕೆ 15 ಅಖಿಲ ಭಾರತ ಮಟ್ಟದಲ್ಲಿ ಹಂಚಿಕೆಯಾಗುತ್ತವೆ. ದೂರದ ರಾಜ್ಯದಿಂದ ಬಂದ ಯುವಕನೆದುರು ಹಳ್ಳಿಯ ಮುದುಕಿ 'ಎದೆ ಉರಿ' ಎನ್ನುತ್ತಾಳೆ. ಇಲ್ಲವೆ 'ಎದೆ ಹಿಡಿದ ಹಾಗೆ' ಎನ್ನುತ್ತಾಳೆ. ಇಲ್ಲವೆ 'ಎದೆ ಡವಡವ ಹೊಡಕೊಳ್ಳುತ್ತೆ' ಎನ್ನುತ್ತಾಳೆ. ಮೊದಲನೆಯದು ಜಠರದ ಆಮ್ಲದ ಉಪಟಳವಿರಬಹುದು, ಎರಡನೆಯದು ಹೃದಯದ ರಕ್ತನಾಳದ ಅಡಚಣೆಯಿರಬಹುದು, ಮೂರನೆಯದು ಹೃದಯಬಡಿತದ ಏರುಪೇರಿರಬಹುದು. ಮೂರೂ ಮಾತುಗಳು ಕಿವಿಗೆ ಒಂದೇ ಆದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಇಲ್ಲಿ ಕನ್ನಡವು ವೈದ್ಯನ ಪಾಲಿಗೆ ಸ್ಟೆತೋಸ್ಕೋಪಿನಷ್ಟೇ ಅಗತ್ಯವಾದ ಉಪಕರಣ.

ಬಾಗಿಲ ಬಳಿಯ ಅಳತೆ

ಕೊನೆಯ ಪರೀಕ್ಷೆಯಷ್ಟೇ ನ್ಯಾಯಯುತವಾಗಿದ್ದರೆ ಸಾಲದು. ಪ್ರವೇಶದ ಬಾಗಿಲೂ ಹಾಗೆಯೇ ಇರಬೇಕು. ವೈದ್ಯಶಿಕ್ಷಣಕ್ಕೆ ಬರುವವರ ಎರಡು ಕೈಗಳೂ ಊನವಿಲ್ಲದೆ ಇರಬೇಕೆಂದು 2019ರ ಮಾರ್ಗಸೂಚಿ ವಿಧಿಸಿತ್ತು. ನೂರಕ್ಕೆ 40ರಷ್ಟು ಅಂಗವೈಕಲ್ಯವಿದೆ ಎಂಬ ಒಂದೇ ಕಾರಣದಿಂದ ಯಾರನ್ನೂ ತಿರಸ್ಕರಿಸಲಾಗದು, ಆ ವಿದ್ಯಾರ್ಥಿ ವ್ಯಾಸಂಗ ನಡೆಸಬಲ್ಲನೆ ಎಂಬುದನ್ನು ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. 2025ರ ಫೆಬ್ರವರಿಯಲ್ಲಿ 'ಎರಡೂ ಕೈ' ನಿಬಂಧನೆಯೇ ಅಂಗವಿಕಲರ ಹಕ್ಕುಗಳ ಆಶಯಕ್ಕೆ ವಿರುದ್ಧವೆಂದು ಸಾರಿತು.

ಇದರಿಂದ ವೈದ್ಯರ ಮಟ್ಟ ಕುಸಿಯುವುದಿಲ್ಲವೆ ಎಂದು ಕೆಲವರು ಶಂಕಿಸಬಹುದು. ಬಾಲ್ಯದಲ್ಲಿಯೇ ಪೋಲಿಯೋಗೆ ತುತ್ತಾಗಿ ಗಾಲಿಕುರ್ಚಿಯನ್ನು ಆಶ್ರಯಿಸಿದ ಡಾ. ಸುರೇಶ್ ಅಡ್ವಾಣಿ ಅವರ ಬಾಳು ಅದಕ್ಕೆ ಉತ್ತರ. ಅವರು 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಅಸ್ಥಿಮಜ್ಜೆಯ ಕಸಿಯನ್ನು ನೆರವೇರಿಸಿ ಭಾರತದಲ್ಲಿ ಆ ಚಿಕಿತ್ಸೆಗೆ ದಾರಿ ತೆರೆದರು, 2012ರಲ್ಲಿ ಪದ್ಮಭೂಷಣರಾದರು. ಕಿವಿ ಮಂದವಾದ ವೈದ್ಯರು ಧ್ವನಿಯನ್ನು ಹಿಗ್ಗಿಸುವ ಸ್ಟೆತೋಸ್ಕೋಪಿನಿಂದ ಹೃದಯದ ಸದ್ದನ್ನು ಆಲಿಸುವುದೂ ಉಂಟು.

ಆಲಿಸುವ ಸಾಧನ ಬೇರೆಯಾಗಬಹುದು. ಆಲಿಸಿ ತಿಳಿಯಬೇಕಾದುದರಲ್ಲಿ ಮಾತ್ರ ರಿಯಾಯಿತಿ ಇಲ್ಲ. ಯಾವುದು ವೃತ್ತಿಯ ಸಾರ, ಯಾವುದು ಬರಿಯ ರೂಢಿ ಎಂಬುದನ್ನು ಬೇರ್ಪಡಿಸುವುದೇ ಪಠ್ಯಕ್ರಮವನ್ನು ರೂಪಿಸುವವರ ಮುಂದಿರುವ ನಿಜವಾದ ಕೆಲಸ. ಆ ವಿವೇಕವಿಲ್ಲದ ಅಳತೆಗೋಲು ಅನರ್ಹರನ್ನು ಒಳಗೆ ಬಿಡುತ್ತದೆ. ಅರ್ಹರನ್ನು ಹೊರಗೇ ನಿಲ್ಲಿಸುತ್ತದೆ. ಎರಡರ ನಷ್ಟವನ್ನೂ ತೆರುವವನು ಕಡೆಗೆ ರೋಗಿಯೇ.