ತೋಳು ಬೆಳೆಯುವುದು ಎತ್ತುವಾಗಲೋ, ಬಿಡುವಿನಲ್ಲೋ?

ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬ ಪ್ರಯೋಗಾಲಯದಲ್ಲಿ ಸ್ಕ್ರೂಗೇಜ್ ಹಿಡಿಯಲು ತಿಣುಕುತ್ತಿದ್ದ. ಮೊಣಕೈಯನ್ನು ಪೂರ್ತಿ ಚಾಚಲೂ ಆಗುತ್ತಿರಲಿಲ್ಲ. ವಿಚಾರಿಸಿದಾಗ, "ಸರ್, ಮೂರು ವಾರದಿಂದ ದಿನವೂ ಒಂದು ಗಂಟೆ ಡಂಬೆಲ್ ಎತ್ತುತ್ತಿದ್ದೇನೆ. ತೋಳು ದಪ್ಪವಾಗಿಲ್ಲ, ನೋವಷ್ಟೇ ಉಳಿದಿದೆ" ಎಂದ. ಹೆಚ್ಚು ದಿನ ಎತ್ತಿದಷ್ಟೂ ಬೇಗ ಬೆಳೆಯುತ್ತದೆ ಎಂಬುದು ಅವನ ಲೆಕ್ಕ. ಇದರಲ್ಲಿ ತಪ್ಪೆಲ್ಲಿದೆ?

ತೋಳೆಂಬ ಸನ್ನೆ

ನಮ್ಮ ಮುಂದೋಳು ಮೂರನೆಯ ದರ್ಜೆಯ ಸನ್ನೆ. ಮೊಣಕೈ ಕೀಲು ಅದರ ಆಧಾರ ಬಿಂದು. ಅಂಗೈಯಲ್ಲಿರುವ ಡಂಬೆಲ್ ಭಾರ. ಬೈಸೆಪ್ಸ್ ಸ್ನಾಯು ಮುಂದೋಳಿನ ಮೂಳೆಗೆ ಅಂಟಿರುವುದು ಕೀಲಿನಿಂದ ಸುಮಾರು 5 ಸೆಂ.ಮೀ. ದೂರದಲ್ಲಿ. ಅಂಗೈ ಇರುವುದು ಸುಮಾರು 35 ಸೆಂ.ಮೀ. ದೂರದಲ್ಲಿ. ಮುಂದೋಳನ್ನು ನೆಲಕ್ಕೆ ಸಮಾಂತರವಾಗಿಟ್ಟು 5 ಕಿ.ಗ್ರಾಂ. ಡಂಬೆಲ್ ಹಿಡಿದರೆ, ಸ್ನಾಯು ಎಳೆಯಬೇಕಾದ ಬಲ 5 × 35 ÷ 5, ಅಂದರೆ 35 ಕಿ.ಗ್ರಾಂ. ತೂಕಕ್ಕೆ ಸಮ! ಮುಂದೋಳಿನ ಸ್ವಂತ ತೂಕವೂ ಸೇರಿದರೆ ಇದು 40ರ ಸಮೀಪಕ್ಕೆ ಬರುತ್ತದೆ. ಕೈಗೆ ಹಗುರವೆನಿಸಿದ್ದು ಸ್ನಾಯುವಿಗೆ ಎಂಟು ಪಟ್ಟು ಹೊರೆ. ಈ ಎಳೆತವೇ ಸ್ನಾಯು ತಂತುಗಳಿಗೆ 'ಬೆಳೆಯಿರಿ' ಎಂಬ ಸೂಚನೆ. ಆದರೆ ಬೆಳವಣಿಗೆ ನಡೆಯುವುದು ಆಮೇಲೆ.

ಒಂದೂವರೆ ದಿನದ ಕೆಲಸ

ಕೆನಡಾದ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸೊಗಸಾಗಿದೆ. ಆರು ಮಂದಿ ತರುಣರು ಒಂದೇ ಕೈಯಿಂದ ಭಾರ ಎತ್ತಿದರು. ಇನ್ನೊಂದು ಕೈ ಹೋಲಿಕೆಗೆ. ಲ್ಯೂಸಿನ್ ಎಂಬ ಅಮೈನೋ ಆಮ್ಲಕ್ಕೆ ಕಾರ್ಬನ್-13 ಐಸೊಟೋಪಿನ ಗುರುತು ಹಾಕಿ ರಕ್ತಕ್ಕೆ ಸೇರಿಸಲಾಯಿತು. ಗುರುತಿನ ಕಾರ್ಬನ್ ಸ್ನಾಯುವಿಗೆ ಎಷ್ಟು ವೇಗದಲ್ಲಿ ಸೇರುತ್ತದೆ ಎಂಬುದೇ ಪ್ರೋಟೀನ್ ತಯಾರಿಕೆಯ ಅಳತೆ. ವ್ಯಾಯಾಮವಾಗಿ 24 ಗಂಟೆಯ ಹೊತ್ತಿಗೆ ಈ ವೇಗ ಇಮ್ಮಡಿಗೂ ಹೆಚ್ಚು. 36 ಗಂಟೆಯ ಹೊತ್ತಿಗೆ ಬಹುತೇಕ ಮೊದಲಿನ ಮಟ್ಟಕ್ಕೆ ಇಳಿದಿತ್ತು. ಹೊಸಬರಲ್ಲಿ ಈ ಚಟುವಟಿಕೆ 48 ಗಂಟೆಯವರೆಗೂ ಮುಂದುವರಿಯಬಹುದು.

ಹಾಗಾದರೆ ಎಷ್ಟು ಸಲ?

ವಾರಕ್ಕೊಮ್ಮೆ ಮಾತ್ರ ಎತ್ತಿದರೆ ಉಳಿದ ಐದು ದಿನ ಹೊಸ ಸೂಚನೆಯೇ ಇಲ್ಲ. ದಿನವೂ ದಣಿಯುವಷ್ಟು ಎತ್ತಿದರೆ ದುರಸ್ತಿಗೆ ಬಿಡುವಿಲ್ಲ. ದಣಿದ ಸ್ನಾಯು ಸರಿಯಾಗಿ ಎಳೆಯಲಾರದು, ಕೀಲು ಮತ್ತು ಸ್ನಾಯುರಜ್ಜುಗಳೂ ನೋಯುತ್ತವೆ. ಆದ್ದರಿಂದ ಹೆಚ್ಚಿನವರಿಗೆ ವಾರಕ್ಕೆ ಎರಡು ಅಥವಾ ಮೂರು ಸಲ, ನಡುವೆ ಸುಮಾರು 48 ಗಂಟೆಗಳ ಬಿಡುವು ಸೂಕ್ತ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆನ್ನುತ್ತದೆ. ವಾರದ ಒಟ್ಟು ಕೆಲಸ ಒಂದೇ ಆಗಿದ್ದರೆ ಅದನ್ನು ಎಷ್ಟು ದಿನಗಳಿಗೆ ಹಂಚಿದರೂ ಬೆಳವಣಿಗೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ ಎಂಬುದು ಇತ್ತೀಚಿನ ಅಧ್ಯಯನಗಳ ಸಾರ. ಹಂಚಿಕೆಯ ಲಾಭವೆಂದರೆ ಪ್ರತಿ ಸಲವೂ ದಣಿಯದ ತೋಳಿನಿಂದ ಎತ್ತಬಹುದು.

ಇನ್ನೆರಡು ಮಾತು. ಮೇಲ್ದೋಳಿನ ಹೆಚ್ಚು ಭಾಗ ಹಿಂಬದಿಯ ಟ್ರೈಸೆಪ್ಸ್. ಬೈಸೆಪ್ಸನ್ನು ಮಾತ್ರ ದಂಡಿಸಿದರೆ ಸಾಲದು. ನೋವು ಬೆಳವಣಿಗೆಯ ಅಳತೆಯಲ್ಲ. ಅತಿಯಾಗಿ ಎತ್ತಿದ ಮೇಲೆ ತೋಳು ಊದಿಕೊಂಡು ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಒಡೆದ ಸ್ನಾಯುವಿನ ಪ್ರೋಟೀನ್ ಮೂತ್ರಪಿಂಡಕ್ಕೆ ಅಪಾಯಕಾರಿ.

ಆ ವಿದ್ಯಾರ್ಥಿಗೆ ನೋವು ಪೂರ್ತಿ ಇಳಿಯುವವರೆಗೆ ಸುಮ್ಮನಿರು, ಬಳಿಕ ಸೋಮವಾರ ಮತ್ತು ಗುರುವಾರ ಮಾತ್ರ ಎತ್ತು ಎಂದೆ. ಮೊದಲ ಕೆಲವು ವಾರ ಹೆಚ್ಚುವ ಶಕ್ತಿ ಬಹುಪಾಲು ನರಗಳು ಕಲಿತ ಪಾಠ. ಗಾತ್ರದ ಬದಲಾವಣೆ ಟೇಪಿಗೆ ಸಿಗಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಡಂಬೆಲ್ಲಿನಷ್ಟೇ ನಿದ್ರೆ, ಬೇಳೆಕಾಳು, ಹಾಲುಗಳೂ ಅವನ ವ್ಯಾಯಾಮದ ಭಾಗ.