ಹೆಣ್ಣುನಾಯಿಯ ಗರ್ಭಕೋಶದಲ್ಲಿ ಕೀವು

ಮುಂಬಯಿಯ ಚಾಳಿನಲ್ಲಿ ಬಾಳುವ ನಮ್ಮಂಥವರಿಗೆ ನಾಯಿ ಸಾಕುವುದೆಂದರೆ, ಮೆಟ್ಟಿಲ ಬುಡದಲ್ಲಿ ಮಲಗುವ ನಾಯಿಗೆ ಉಳಿದ ರೊಟ್ಟಿ ಹಾಕುವುದೇ ಸರಿ. ಹೀಗೆ ನಮ್ಮೆಲ್ಲರ ಅನ್ನ ತಿಂದು ಬೆಳೆದ ಹೆಣ್ಣುನಾಯಿಯೊಂದಿತ್ತು. ಎಂಟು ವರ್ಷದ್ದು. ಬೆದೆ ಮುಗಿದು ಆರು ವಾರದ ಮೇಲೆ ಅದರ ಹೊಟ್ಟೆ ಉಬ್ಬಿತು. ಇಟ್ಟ ನೀರನ್ನೆಲ್ಲ ಕುಡಿದು ಮತ್ತೆ ಬಟ್ಟಲು ನೆಕ್ಕುತ್ತಿತ್ತು. ಗಬ್ಬವಾಗಿದೆಯೆಂದು ನಾವು ಹಾಲು ಹಾಕಿದೆವು. ನಾಲ್ಕನೆಯ ದಿನ ಅದು ಮೇಲೇಳಲಿಲ್ಲ. ಹೊಟ್ಟೆಯಲ್ಲಿರುವುದು ಮರಿಯಲ್ಲ, ಕೀವು ಎಂದು ಪಶುವೈದ್ಯರು ಹೇಳುವ ಹೊತ್ತಿಗೆ ಕಾಲ ಮೀರಿತ್ತು. ಇನ್ನೊಬ್ಬರು ಹೀಗೆ ಮೋಸಹೋಗಬಾರದೆಂದು ಈ ನಾಲ್ಕು ಮಾತು.

ಈ ರೋಗಕ್ಕೆ ವೈದ್ಯರು ಪಯೋಮೆಟ್ರಾ ಎನ್ನುತ್ತಾರೆ. ಬೆದೆಗೆ ಬಂದ ನಾಯಿ ಗಬ್ಬವಾಗಲಿ, ಆಗದಿರಲಿ, ಮುಂದೆ ಸುಮಾರು ಎರಡು ತಿಂಗಳು ಅದರ ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೆಚ್ಚಾಗಿರುತ್ತದೆ. ಇದು ಗರ್ಭಕೋಶದ ಒಳಪದರವನ್ನು ದಪ್ಪಮಾಡಿ, ಅಲ್ಲಿಯ ರೋಗನಿರೋಧ ಶಕ್ತಿಯನ್ನು ತಗ್ಗಿಸುತ್ತದೆ. ಬೆದೆಯ ಕಾಲದಲ್ಲಿ ಒಳಹೊಕ್ಕ ಸೂಕ್ಷ್ಮಜೀವಿಗಳು, ಮುಖ್ಯವಾಗಿ ಕರುಳಿನ ಇ. ಕೋಲಿ, ಅಲ್ಲಿ ಬೆಳೆದು ಕೀವು ತುಂಬುತ್ತದೆ. ಅವುಗಳ ನಂಜು ಮೂತ್ರಪಿಂಡದ ಕೆಲಸವನ್ನು ಕೆಡಿಸುವುದರಿಂದ ನಾಯಿಗೆ ತಡೆಯಲಾರದ ಬಾಯಾರಿಕೆ. ಇದು ಅಪರೂಪದ ರೋಗವಲ್ಲ. ಸ್ವೀಡನ್ನಿನಲ್ಲಿ ವಿಮೆ ಮಾಡಿಸಿದ ನಾಯಿಗಳ ಲೆಕ್ಕದಲ್ಲಿ, 10 ವರ್ಷ ತುಂಬುವುದರೊಳಗೆ ಸುಮಾರು ನಾಲ್ಕರಲ್ಲಿ ಒಂದಕ್ಕೆ ಇದು ಬಂದಿತ್ತು.

ಬೆದೆಯ ನಂತರ ಎರಡು ಮೂರು ತಿಂಗಳೊಳಗೆ ನಾಯಿ ಮಂಕಾದರೆ, ಊಟ ಬಿಟ್ಟರೆ, ವಾಂತಿಮಾಡಿದರೆ, ಬಹಳ ನೀರು ಕುಡಿದು ಪದೇ ಪದೇ ಮೂತ್ರಮಾಡಿದರೆ ಸಂದೇಹಪಡಬೇಕು. ಯೋನಿಯಿಂದ ಕೀವು ಇಲ್ಲವೆ ರಕ್ತ ಬೆರೆತ ಸ್ರಾವ ಕಂಡರೆ ರೋಗ ಬೇಗ ತಿಳಿಯುತ್ತದೆ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಅದೇ ಹೆಚ್ಚು ಅಪಾಯ. ಜ್ವರವಿಲ್ಲವೆಂದು ಸುಮ್ಮನಿರಬಾರದು, ಅನೇಕ ನಾಯಿಗಳಿಗೆ ಜ್ವರ ಬರುವುದೇ ಇಲ್ಲ.

ವೈದ್ಯರು ಅಲ್ಟ್ರಾಸೌಂಡಿನಿಂದ ಗರ್ಭಕೋಶವನ್ನು ನೋಡುತ್ತಾರೆ. ರಕ್ತಪರೀಕ್ಷೆಯಿಂದ ಬಿಳಿ ಕಣಗಳನ್ನೂ ಮೂತ್ರಪಿಂಡದ ಸ್ಥಿತಿಯನ್ನೂ ತಿಳಿಯುತ್ತಾರೆ. ಸಲೈನು, ಆಂಟಿಬಯಾಟಿಕ್ ಕೊಟ್ಟು ನಾಯಿಯನ್ನು ಸುಧಾರಿಸಿ, ಅಂಡಾಶಯ ಗರ್ಭಕೋಶಗಳೆರಡನ್ನೂ ತೆಗೆದುಹಾಕುವುದೇ ಖಚಿತವಾದ ಚಿಕಿತ್ಸೆ. ಸಕಾಲದಲ್ಲಿ ಮಾಡಿಸಿದರೆ ಬಹುತೇಕ ನಾಯಿಗಳು ಬದುಕುತ್ತವೆ. ಮರಿ ಬೇಕೆನ್ನುವವರ ಕೆಲವು ನಾಯಿಗಳಿಗೆ ಇಂಜೆಕ್ಷನ್ನಿನಿಂದ ಕೀವು ಹೊರಡಿಸುವುದುಂಟು. ಆದರೆ ರೋಗ ಮರುಕಳಿಸಬಹುದು. ಬರಿಯ ಮಾತ್ರೆಗಳಿಂದ ಇದು ವಾಸಿಯಾಗದು. ಮನೆಯಲ್ಲಿರುವ ನೋವಿನ ಗುಳಿಗೆಯನ್ನಂತೂ ನಾಯಿಗೆ ಕೊಡಲೇಬಾರದು, ಅದು ವಿಷವಾದೀತು.

ನಾಯಿ ಗಟ್ಟಿಮುಟ್ಟಾಗಿರುವಾಗಲೇ ಈ ಶಸ್ತ್ರಕ್ರಿಯೆ ಮಾಡಿಸಿದರೆ ರೋಗದ ಭಯವೇ ಇಲ್ಲ, ಖರ್ಚೂ ಕಡಿಮೆ. ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಷಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯನ್ನು ನಮ್ಮಲ್ಲಿ ಅನೇಕರು ದಾರಿಯಲ್ಲಿ ಕಂಡೇ ಇರುತ್ತೇವೆ. ಅಂಥಲ್ಲಿ ಒಮ್ಮೆ ವಿಚಾರಿಸಿ ಬನ್ನಿ. ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ನಾಯಿಯ ಬೆದೆಯ ದಿನವನ್ನು ಗುರುತುಮಾಡಿಡಿ. ನಾವು ಗುರುತಿಟ್ಟಿದ್ದರೆ ಹಾಲಿನ ಬಟ್ಟಲು ಹಿಡಿದು ನಾಲ್ಕು ದಿನ ಕಾಯುತ್ತಿರಲಿಲ್ಲ.