ಕುರು ಹೇಳಿದ ಲೆಕ್ಕ

ವಿದೇಶದಲ್ಲಿರುವವರ ಕಾಯಿಲೆಯ ಸುದ್ದಿ ಊರಿಗೆ ತಲುಪುವುದು ಸಾಮಾನ್ಯವಾಗಿ ಎರಡೇ ಸಂದರ್ಭಗಳಲ್ಲಿ: ಆಸ್ಪತ್ರೆಗೆ ಸೇರಿದಾಗ, ಇಲ್ಲವೇ ಎಲ್ಲವೂ ವಾಸಿಯಾದ ಮೇಲೆ. ಇವೆರಡರ ನಡುವೆ ಬಂದುಹೋಗುವ, ಹೇಳಿಕೊಳ್ಳಲು ಸಂಕೋಚವೆನಿಸುವ, ಆದರೆ ಹಗಲಿನ ನೆಮ್ಮದಿಯನ್ನೂ ರಾತ್ರಿಯ ನಿದ್ದೆಯನ್ನೂ ಕಸಿಯುವ ಕಾಯಿಲೆಗಳ ಬಗ್ಗೆ ನಾವು ವಿಡಿಯೊ ಕರೆಯಲ್ಲಿ ಮಾತೇ ಎತ್ತುವುದಿಲ್ಲ. ಚಳಿಗಾಲವೊಂದರಲ್ಲಿ ನನ್ನನ್ನು ಕಾಡಿದ್ದು ಅಂಥದೇ ಒಂದು ಕಾಯಿಲೆ. ಅದರ ಹೆಸರು ಕುರು.

ಬರ್ಮಿಂಗ್‌ಹ್ಯಾಮಿನ ಒಂದು ಸಣ್ಣ ಲೆಕ್ಕಪತ್ರ ಕಚೇರಿಯಲ್ಲಿ ನನ್ನ ಉದ್ಯೋಗ. ಬ್ರಿಟನ್ನಿನಲ್ಲಿ ಸ್ವಂತ ದುಡಿಮೆಯವರು, ಮನೆ ಬಾಡಿಗೆಗೆ ಕೊಟ್ಟವರು ತಮ್ಮ ಆದಾಯದ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಲು ಜನವರಿ 31 ಕೊನೆಯ ದಿನ. ಒಂದು ದಿನ ತಡವಾದರೂ, ಕಟ್ಟಬೇಕಾದ ತೆರಿಗೆಯೇನೂ ಇಲ್ಲದಿದ್ದರೂ 100 ಪೌಂಡ್ ದಂಡ ಬೀಳುತ್ತದೆ. ಹಾಗಾಗಿ ಕ್ರಿಸ್‌ಮಸ್ ಮುಗಿದ ಕೂಡಲೇ ಟ್ಯಾಕ್ಸಿ ಚಾಲಕರು, ಬಣ್ಣ ಬಳಿಯುವವರು, ಸಣ್ಣ ಅಂಗಡಿಯವರು ಚೀಲದ ತುಂಬ ರಸೀದಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಆ ತಿಂಗಳು ದಿನಕ್ಕೆ ಹನ್ನೊಂದು ಹನ್ನೆರಡು ಗಂಟೆ ಕುರ್ಚಿಯ ಮೇಲೆಯೇ ಕಳೆಯಬೇಕು. ನನಗೆ ಕುರು ಎದ್ದದ್ದು ಸರಿಯಾಗಿ ಕೂರುವ ಜಾಗದಲ್ಲಿ.

ಮೊದಲನೆಯದು ನವೆಂಬರಿನಲ್ಲಿ, ಬಲತೊಡೆಯ ಮೇಲ್ಭಾಗದಲ್ಲಿ ಕಾಣಿಸಿತು. ತಿಪಟೂರಿನಲ್ಲಿರುವ ಅಮ್ಮನಿಗೆ ಹೇಳಿದಾಗ, ‘ಮೈಗೆ ಉಷ್ಣ ಆಗಿದೆ ಕಣೋ. ಮೆಂತ್ಯ ನೆನೆಹಾಕಿ ಕುಡಿ, ಬಿಸಿನೀರಿನ ಶಾಖ ಕೊಡು, ಕೈಯಲ್ಲಿ ಮಾತ್ರ ಹಿಂಡಬೇಡ’ ಎಂದರು. ಹೊರಗೆ ಎರಡು ಡಿಗ್ರಿಯ ಚಳಿಯಿತ್ತು. ಆದರೂ ಅಮ್ಮನ ಮಾತನ್ನು ಪಾಲಿಸಿದೆ. ಹತ್ತು ದಿನಗಳಲ್ಲಿ ಅದು ಹಣ್ಣಾಗಿ, ಬಾಯಿ ಬಿಟ್ಟು, ಕೀವು ಹರಿದು ಮಾಯಿತು. ಡಿಸೆಂಬರಿನಲ್ಲಿ ಎರಡನೆಯದು ಬಂತು, ಅದೂ ಹಾಗೆಯೇ ಹೋಯಿತು. ಜನವರಿಯ ಎರಡನೇ ವಾರದಲ್ಲಿ ಒಂದರ ಪಕ್ಕದಲ್ಲೊಂದು ಎರಡು ಎದ್ದವು. ಸುತ್ತಲಿನ ಚರ್ಮ ಗಟ್ಟಿಯಾಗಿ, ಮುಟ್ಟಿದರೆ ಸುಡುತ್ತಿತ್ತು; ಸಂಜೆಗೆ ಮೈ ನಡುಗಿ ಜ್ವರ ಬಂತು. ಬರಗಾಲದಲ್ಲಿ ಅಧಿಕಮಾಸ ಎಂಬ ಗಾದೆಯ ಪೂರ್ಣ ಅರ್ಥ ನನಗಾದದ್ದು ಅಂದು.

ಕುರು ಮತ್ತೆ ಮತ್ತೆ ಬಂದರೆ, ಎರಡು ವಾರವಾದರೂ ಮಾಯದಿದ್ದರೆ, ಗುಂಪಾಗಿ ಎದ್ದರೆ, ಜ್ವರ ಬಂದರೆ ವೈದ್ಯರನ್ನು ಕಾಣಬೇಕೆಂಬುದು ಇಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸೂಚನೆ. ಮರುದಿನ ಬೆಳಿಗ್ಗೆ ಎಂಟಕ್ಕೆ ನಮ್ಮ ಬಡಾವಣೆಯ ಜಿ.ಪಿ., ಅಂದರೆ ಕುಟುಂಬ ವೈದ್ಯರ ಚಿಕಿತ್ಸಾಲಯಕ್ಕೆ ಕರೆ ಮಾಡಿದೆ. ಸರದಿಯಲ್ಲಿ ಇಪ್ಪತ್ತು ನಿಮಿಷ ಕಾದ ಮೇಲೆ ಸಿಕ್ಕ ಸ್ವಾಗತಕಾರಿಣಿ ಸೌಜನ್ಯದಿಂದಲೇ, ಕುರುವಿನ ಫೋಟೊ ತೆಗೆದು ಮೊಬೈಲಿಗೆ ಬರುವ ಕೊಂಡಿಯ ಮೂಲಕ ಕಳುಹಿಸಿ ಎಂದರು. ಆ ಜಾಗದ ಚಿತ್ರವನ್ನು ಸ್ವತಃ ತೆಗೆದುಕೊಳ್ಳುವುದು ಅಸಾಧ್ಯ. ಮದುವೆಯಾಗಿ ಹದಿನಾಲ್ಕು ವರ್ಷವಾದ ಹೆಂಡತಿ ನಗುತ್ತ ಮೊಬೈಲ್ ಹಿಡಿದಳು. ಕುರುವನ್ನು ಕಂಡ ಮೇಲೆ ನಗು ನಿಂತಿತು. ಮಧ್ಯಾಹ್ನ ಎರಡಕ್ಕೆ ಬರುವಂತೆ ಸಂದೇಶ ಬಂತು.

ಪರೀಕ್ಷಿಸಿದ ಹಿರಿಯ ನರ್ಸ್ ಗಾಯಕ್ಕಿಂತ ಹೆಚ್ಚಾಗಿ ಮನೆಯ ಬಗ್ಗೆ ವಿಚಾರಿಸಿದರು. ಮನೆಯಲ್ಲಿ ಬೇರೆ ಯಾರಿಗಾದರೂ ಕುರು ಆಗಿದೆಯೇ? ಒಂದೇ ಟವೆಲ್ ಎಷ್ಟು ಮಂದಿ ಬಳಸುತ್ತೀರಿ? ತಂದೆ ತಾಯಿಗೆ ಸಕ್ಕರೆ ಕಾಯಿಲೆ ಇದೆಯೇ? ಮಗನ ಮೊಣಕಾಲಿನ ಮೇಲೆ ಒಂದು ಸಣ್ಣ ಕೀವುಗುಳ್ಳೆ ಇತ್ತು. ಅಪ್ಪನಿಗೆ ನಲವತ್ತಾರನೇ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದಿತ್ತು. ಅವರು ಎರಡನ್ನೂ ಬರೆದುಕೊಂಡು, ಕೀವಿನ ಮಾದರಿಯನ್ನೂ ರಕ್ತವನ್ನೂ ತೆಗೆದುಕೊಂಡರು. ನಂತರ ಅವರು ಹೇಳಿದ ಒಂದು ಮಾತು ನಮ್ಮವರೆಲ್ಲರಿಗೂ ತಿಳಿದಿರಬೇಕು. ಆರೋಗ್ಯದ ಕರಪತ್ರಗಳು ‘ಚರ್ಮ ಕೆಂಪಾದರೆ ಎಚ್ಚರ’ ಎನ್ನುತ್ತವೆ. ಕಂದು ಮೈಬಣ್ಣದವರಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ. ಚರ್ಮ ಇನ್ನಷ್ಟು ಕಪ್ಪಾಗಿ ಕಾಣಬಹುದು. ನಾವು ಗಮನಿಸಬೇಕಾದದ್ದು ಬಿಸಿ, ಊತ, ಗಡಸುತನ ಮತ್ತು ಹರಡುತ್ತಿರುವ ನೋವು.

ಮಾದರಿಯಲ್ಲಿ ಸಿಕ್ಕಿದ್ದು ಸ್ಟಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಅದನ್ನು ಮೊದಲು ಗುರುತಿಸಿದ್ದೂ ಇದೇ ದೇಶದಲ್ಲಿ. 1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ರೋಗಿಗಳ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ದ್ರಾಕ್ಷಿ ಗೊಂಚಲಿನಂತೆ ಕೂಡಿಕೊಂಡ ಗುಂಡನೆಯ ಜೀವಿಗಳನ್ನು ಕಂಡರು. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿ ಗೊಂಚಲಿಗಿರುವ ಪದದಿಂದಲೇ ಅದಕ್ಕೆ ಹೆಸರು ಬಂತು. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಅಥವಾ ಚರ್ಮದ ಮೇಲೆ ಅದು ಏನೂ ತೊಂದರೆ ಕೊಡದೆ ವಾಸವಾಗಿರುತ್ತದೆ. ಕೂದಲಿನ ಬುಡದಲ್ಲಿ ಸಣ್ಣ ಬಿರುಕು ಸಿಕ್ಕರೆ, ಚರ್ಮ ಉಜ್ಜಿ ಬೆವರಿದರೆ ಒಳನುಗ್ಗಿ ಕುರುವಾಗುತ್ತದೆ. ಕುರು ಮಾಯ್ದರೂ ಮೂಗಿನಲ್ಲಿರುವುದು ಅಲ್ಲೇ ಉಳಿಯುವುದರಿಂದ ಮರಳಿ ಬರುತ್ತದೆ.

ಚರ್ಮದ ಸೋಂಕಿನ ಬಗ್ಗೆ ಹಗುರವಾಗಿ ಮಾತನಾಡುವವರಿಗೆ ನಾನು ಈಗ ಪೊಲೀಸ್ ಕಾನ್‌ಸ್ಟೆಬಲ್ ಆಲ್ಬರ್ಟ್ ಅಲೆಕ್ಸಾಂಡರ್ ಅವರ ವಿಷಯ ಹೇಳುತ್ತೇನೆ. ಮುಖದ ಸೋಂಕು ಹರಡಿ ಅವರು ಒಂದು ಕಣ್ಣನ್ನೇ ಕಳೆದುಕೊಂಡಿದ್ದರು. 1941ರ ಫೆಬ್ರವರಿಯಲ್ಲಿ ಅವರಿಗೆ ಆಗಷ್ಟೇ ಸಿದ್ಧವಾಗಿದ್ದ ಪೆನಿಸಿಲಿನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಚೇತರಿಕೆ ಕಂಡಿತು. ಆದರೆ ಔಷಧದ ದಾಸ್ತಾನು ಅತ್ಯಲ್ಪವಾಗಿತ್ತು. ಅವರ ಮೂತ್ರದಿಂದಲೇ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಕೊಟ್ಟರೂ ಸಾಲದೆ, ಮಾರ್ಚ್ 15ರಂದು ಅವರು ತೀರಿಕೊಂಡರು. ಅಂದು ಒಂದು ಜೀವಕ್ಕೆ ಸಾಲದಿದ್ದ ಔಷಧದ ವಂಶದ ಮಾತ್ರೆ ಇಂದು ನನಗೆ 9.90 ಪೌಂಡ್ ಔಷಧ ಶುಲ್ಕಕ್ಕೆ ದೊರೆಯಿತು.

ಫ್ಲುಕ್ಲಾಕ್ಸಸಿಲಿನ್ ಎಂಬ ಆ ಮಾತ್ರೆಯನ್ನು ದಿನಕ್ಕೆ ನಾಲ್ಕು ಬಾರಿ, ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ನುಂಗಬೇಕು. ಜೊತೆಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯ ಶಾಖ, ದಿನಕ್ಕೆ ನಾಲ್ಕು ಬಾರಿ, ಹತ್ತತ್ತು ನಿಮಿಷ. ಈ ಅಂಶದಲ್ಲಿ ಅಮ್ಮನೂ ಎನ್‌ಎಚ್‌ಎಸ್ಸೂ ಒಂದೇ ಮಾತು. ತೆರಿಗೆಯ ತಿಂಗಳಿನಲ್ಲಿ ಇದಕ್ಕೆ ಸಮಯವೆಲ್ಲಿ? ಮೇಲಧಿಕಾರಿಗೆ ‘ಚರ್ಮದ ಸೋಂಕು, ಕೂರಲಾಗುತ್ತಿಲ್ಲ’ ಎಂದಷ್ಟೇ ಬರೆದೆ. ಮೂರು ದಿನ ರಜೆ ದೊರೆಯಿತು. ಆ ಬಳಿಕ ಒಂದು ವಾರ ಮನೆಯಲ್ಲೇ ಇಸ್ತ್ರಿ ಮೇಜನ್ನು ಎತ್ತರಿಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ನಿಂತೇ ಕೆಲಸ ಮಾಡಿದೆ. ನನ್ನ ಪಾಲಿನ ಹನ್ನೆರಡು ಕಡತಗಳನ್ನು ಸಹೋದ್ಯೋಗಿಗಳು ಹಂಚಿಕೊಂಡರು. ಜನವರಿ 31 ದಂಡವಿಲ್ಲದೆ ಕಳೆಯಿತು.

ಇಲ್ಲಿಗೆ ಬರಲಿಚ್ಛಿಸುವವರು ಇದನ್ನು ಗಮನಿಸಬೇಕು. ರಜೆ ಕೇಳಿದರೆ ಕೆಲಸಕ್ಕೆ, ಅದರೊಂದಿಗೆ ವೀಸಾಕ್ಕೆ ಕುತ್ತು ಬಂದೀತೆಂಬ ಅಂಜಿಕೆ ಹೊಸಬರಲ್ಲಿ ಬಹಳ. ಆದರೆ ಕಾಯಿಲೆಯ ಮೊದಲ ಏಳು ದಿನಗಳಿಗೆ ಇಲ್ಲಿ ವೈದ್ಯರ ಪತ್ರವೂ ಬೇಕಿಲ್ಲ, ನಾವೇ ಬರೆದುಕೊಟ್ಟರೆ ಸಾಕು. ವೀಸಾ ಅರ್ಜಿಯೊಂದಿಗೆ ವಯಸ್ಕರೊಬ್ಬರಿಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿಯೇ ನಾವು ಬರುತ್ತೇವೆ. ಆ ಹಣಕ್ಕೆ ಸಿಗುವ ಸೇವೆಯನ್ನು ಪಡೆಯಲು ಸಂಕೋಚವೇಕೆ? ಬಂದ ಮೊದಲ ವಾರದಲ್ಲೇ ಮನೆಯ ಹತ್ತಿರದ ಜಿ.ಪಿ. ಬಳಿ ಹೆಸರು ನೋಂದಾಯಿಸಿ. ಅದಕ್ಕೆ ಹಣ ಕೊಡಬೇಕಿಲ್ಲ.

ಸೋಂಕು ಇಳಿದ ಮೇಲೆ ಐದು ದಿನಗಳ ಮತ್ತೊಂದು ಕ್ರಮ ಶುರುವಾಯಿತು. ಮನೆಯ ಮೂವರೂ ಏಕಕಾಲಕ್ಕೆ ಮೂಗಿಗೆ ಮುಲಾಮು ಹಚ್ಚಿ, ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಸ್ನಾನ ಮಾಡಬೇಕು; ಪ್ರತಿಯೊಬ್ಬರಿಗೂ ಬೇರೆ ಟವೆಲ್; ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಊರಿನಲ್ಲಿ ಟವೆಲನ್ನು ಹಿತ್ತಲ ತಂತಿಯ ಮೇಲೆ ಎಸೆದರೆ ಬಿಸಿಲು ತನ್ನ ಕೆಲಸ ಮಾಡುತ್ತದೆ. ಇಲ್ಲಿಯ ಜನವರಿಯಲ್ಲಿ ಬಚ್ಚಲಿನ ಬಾಗಿಲ ಹಿಂದೆ ನೇತುಹಾಕಿದ ಟವೆಲ್ ಸಂಜೆಯವರೆಗೂ ತೇವವಾಗಿಯೇ ಇರುತ್ತದೆ. ಈ ವ್ಯತ್ಯಾಸವನ್ನು ಯಾವ ಮಾರ್ಗದರ್ಶಿಯೂ ಹೊಸಬರಿಗೆ ಹೇಳುವುದಿಲ್ಲ.

ರಕ್ತಪರೀಕ್ಷೆಯ ಫಲಿತಾಂಶ ಇನ್ನೂ ದೊಡ್ಡ ವಿಷಯವನ್ನು ತಿಳಿಸಿತು. ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ನನಗೆ 44 ಇತ್ತು. ಇಲ್ಲಿನ ಅಳತೆಯಲ್ಲಿ 48 ಮುಟ್ಟಿದರೆ ಸಕ್ಕರೆ ಕಾಯಿಲೆ. 42ರಿಂದ 47ರವರೆಗೆ ಅದರ ಹೊಸ್ತಿಲು. ಸಕ್ಕರೆ ಏರಿದ ಮೈಯಲ್ಲಿ ಸೋಂಕು ಸುಲಭವಾಗಿ ಬೇರೂರುತ್ತದೆ, ಮಾಯುವುದೂ ನಿಧಾನ. ದಕ್ಷಿಣ ಏಷ್ಯಾ ಮೂಲದವರಿಗೆ ಈ ಕಾಯಿಲೆ ಬಿಳಿಯರಿಗಿಂತ ಕಡಿಮೆ ವಯಸ್ಸಿನಲ್ಲೇ, ಕಡಿಮೆ ತೂಕದಲ್ಲೇ ಬರುತ್ತದೆ. ನನಗಾಗ 41 ವರ್ಷ; ನೋಡುವವರಿಗೆ ತೆಳ್ಳಗಿನ ಮನುಷ್ಯ. ಮತ್ತೆ ಮತ್ತೆ ಕುರು ಏಳದಿದ್ದರೆ ಯಾರೂ ಆ ಪರೀಕ್ಷೆಯನ್ನು ಬರೆದುಕೊಡುತ್ತಿರಲಿಲ್ಲ. ಎನ್‌ಎಚ್‌ಎಸ್‌ನ ಉಚಿತ ತಡೆ ಕಾರ್ಯಕ್ರಮಕ್ಕೆ ಸೇರಿದೆ. ರಾತ್ರಿಯ ಅನ್ನದ ಜಾಗಕ್ಕೆ ಹೆಸರುಕಾಳಿನ ಪಲ್ಯ ಬಂತು. ಊಟದ ಬಿಡುವಿನಲ್ಲಿ ಕಾಲುವೆ ದಡದ ನಡಿಗೆ ಸೇರಿತು. ಒಂಬತ್ತು ತಿಂಗಳ ನಂತರ ಸಂಖ್ಯೆ 41ಕ್ಕೆ ಇಳಿಯಿತು. ಕುರು ಮರಳಿಲ್ಲ.

ಊರಿನಲ್ಲಿರುವ ಬಂಧುಗಳಲ್ಲಿ ಒಂದು ಅರಿಕೆ. ಆ ಸಮಯದಲ್ಲಿ ಭಾವ ಪ್ರೀತಿಯಿಂದ, ಪರಿಚಿತರೊಬ್ಬರ ಸೂಟ್‌ಕೇಸಿನಲ್ಲಿ ಎರಡು ಪಟ್ಟಿ ಆ್ಯಂಟಿಬಯೊಟಿಕ್ ಕಳುಹಿಸಿದ್ದರು. ಅದನ್ನು ನಾನು ಔಷಧದಂಗಡಿಗೆ ವಿಲೇವಾರಿಗೆಂದು ಒಪ್ಪಿಸಿದೆ. ಯಾವ ಸೋಂಕಿಗೆ ಯಾವ ಮಾತ್ರೆಯೆಂದು ತಿಳಿಯದೆ ನುಂಗಿದರೆ ಬ್ಯಾಕ್ಟೀರಿಯಾ ಬಲಿಯುತ್ತದೆ. ಮಾತ್ರೆಯ ಬದಲು ಪ್ರಶ್ನೆ ಕಳುಹಿಸಿ: ‘ಜಿ.ಪಿ. ಹತ್ತಿರ ಹೋದೆಯಾ? ಸಕ್ಕರೆ ನೋಡಿಸಿಕೊಂಡೆಯಾ? ಜ್ವರ ಇದೆಯಾ?’ ನಮ್ಮಪ್ಪ ಈಗ ಪ್ರತಿ ಭಾನುವಾರ ಈ ಮೂರನ್ನೂ ಕೇಳುತ್ತಾರೆ. ಅವರ ಸಕ್ಕರೆಯ ಸಂಖ್ಯೆಯನ್ನು ನಾನೂ ಕೇಳುತ್ತೇನೆ. ಕೆಲವು ವಾರ ಅವರದು ನನಗಿಂತ ಚೆನ್ನಾಗಿರುತ್ತದೆ.